ನನ್ನ ಫೈಲಿಗೆ ನನಗೇ ಅಪ್ಪಣೆಯಿಲ್ಲ

ಆಂತರಿಕ ಮೌಲ್ಯಮಾಪನದ ಅಂಕಗಳನ್ನು ಕಾಲೇಜಿಗೆ ಒಪ್ಪಿಸಲು ಇನ್ನು ಎರಡೇ ದಿನಗಳು ಉಳಿದಿದ್ದಾಗ ನನ್ನ ಮನೆಯ ಕಂಪ್ಯೂಟರು ನಿಂತುಹೋಯಿತು. ರಿಪೇರಿಯವನು ಮುಚ್ಚಳವನ್ನು ಬಿಚ್ಚಿ ನೋಡಿ, ಮದರ್‌ಬೋರ್ಡು ಸುಟ್ಟಿದೆಯೆಂದೂ ಹಾರ್ಡ್ ಡಿಸ್ಕಿಗೆ ಏನೂ ಆಗಿಲ್ಲವೆಂದೂ ತಿಳಿಸಿದನು. ಆ ಡಿಸ್ಕನ್ನು ತಂದು ಕೇಬಲೊಂದರ ಮೂಲಕ ಹೊಸ ಕಂಪ್ಯೂಟರಿಗೆ ಜೋಡಿಸಿದೆನು. ಎಂಟು ವರ್ಷಗಳ ಪ್ರಯೋಗಶಾಲೆಯ ಟಿಪ್ಪಣಿಗಳು, ಪ್ರಶ್ನೆಪತ್ರಿಕೆಗಳು, ಅಂಕಪಟ್ಟಿಗಳು, ಎಲ್ಲದರ ಹೆಸರುಗಳೂ ಸಾಲುಸಾಲಾಗಿ ಪರದೆಯ ಮೇಲೆ ಮೂಡಿದುವು. ಸಮಾಧಾನದಿಂದ ಅಂಕಪಟ್ಟಿಗಳ ಫೋಲ್ಡರಿನ ಮೇಲೆ ಎರಡು ಸಲ ಒತ್ತಿದೆನು. ಇದನ್ನು ತೆರೆಯಲು ನಿಮಗೆ ಸದ್ಯಕ್ಕೆ ಅನುಮತಿಯಿಲ್ಲ ಎಂದು ಯಂತ್ರವು ತಿಳಿಸಿತು. ಮುಂದುವರಿಯಲು ಒಂದು ಗುಂಡಿ ಅದರ ಕೆಳಗಿತ್ತು, ಅದನ್ನೂ ಒತ್ತಿದೆನು. ಈ ಸಲದ ಉತ್ತರವು ಇನ್ನೂ ಬಿರುಸಾಗಿತ್ತು: ಅನುಮತಿಯನ್ನು ನಿರಾಕರಿಸಲಾಗಿದೆ!

ಡಿಸ್ಕು ನನ್ನದು, ಅಂಕಗಳನ್ನು ಬರೆದವನು ನಾನು. ಹೊಸ ಯಂತ್ರದಲ್ಲಿಯೂ ನನ್ನ ಖಾತೆಗೆ ಹಳೆಯ ಹೆಸರನ್ನೇ ಇಟ್ಟಿದ್ದೆ, ಗುಪ್ತಪದವೂ ಹಳೆಯದೇ. ಹೀಗಿದ್ದರೂ ಯಂತ್ರವು ನನ್ನನ್ನು ಅಪರಿಚಿತನಂತೆ ಕಾಣಲು ಕಾರಣವೇನು? ವಿದ್ಯಾರ್ಥಿಗಳಾದ ವಾಚಕರಲ್ಲಿ ಅನೇಕರು ಇಂತಹ ನಿರಾಕರಣೆಯನ್ನು ಎಂದಾದರೊಮ್ಮೆ ಎದುರಿಸಿರುತ್ತಾರೆ. ಬಹುಮಂದಿ ಅದನ್ನು ಯಂತ್ರದ ಹುಚ್ಚಾಟವೆಂದು ಬಗೆದು, ಯಾರೋ ಹೇಳಿದ ಉಪಾಯದಿಂದ ಹೇಗೋ ದಾಟಿಹೋಗುತ್ತಾರೆ. ನಾನೂ ಮೊದಲು ಹಾಗೆಯೇ ದಾಟಿದೆನು. ಕಾರಣವನ್ನು ತಿಳಿದುಕೊಂಡದ್ದು ಆಮೇಲೆ, ಒಂದು ಭಾನುವಾರವನ್ನು ಪೂರ್ತಿಯಾಗಿ ಕಳೆದುಕೊಂಡ ಬಳಿಕ.

ಒಂದು ಯಂತ್ರವನ್ನು ಒಬ್ಬನೇ ಬಳಸುವಷ್ಟು ಕಾಲ ಅನುಮತಿಯ ಪ್ರಶ್ನೆಯೇ ಏಳುವುದಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಅವರ ಸಂಗಡಿಗರು ೧೯೬೧ರಲ್ಲಿ ಒಂದೇ ಕಂಪ್ಯೂಟರನ್ನು ಹಲವರು ಏಕಕಾಲಕ್ಕೆ ಬಳಸುವ ವ್ಯವಸ್ಥೆಯನ್ನು ಮಾಡಿ ತೋರಿಸಿದಾಗ, ಒಬ್ಬನ ಫೈಲು ಇನ್ನೊಬ್ಬನ ಕಣ್ಣಿಗೆ ಬೀಳದಂತೆ ಕಾಯುವ ಹೊಣೆಯೂ ಯಂತ್ರದ ಮೇಲೆ ಬಿದ್ದಿತು. ಅಲ್ಲಿ ನಡೆದ ಒಂದು ಪ್ರಮಾದವನ್ನು ಕೊರ್ಬಾಟೊ ಅವರೇ ಮುಂದೆ ಬರೆದಿದ್ದಾರೆ. ಒಬ್ಬ ಮೇಲ್ವಿಚಾರಕನು ಆ ದಿನದ ಪ್ರಕಟಣೆಯನ್ನೂ ಇನ್ನೊಬ್ಬನು ಗುಪ್ತಪದಗಳ ಫೈಲನ್ನೂ ಒಂದೇ ವೇಳೆಯಲ್ಲಿ ತಿದ್ದುತ್ತಿದ್ದರು. ತಿದ್ದುವ ಪ್ರೋಗ್ರಾಂ ತನ್ನ ತಾತ್ಕಾಲಿಕ ಫೈಲಿಗೆ ಯಾವಾಗಲೂ ಒಂದೇ ಹೆಸರನ್ನು ಕೊಡುತ್ತಿದ್ದುದರಿಂದ ಎರಡೂ ಅದಲುಬದಲಾದುವು. ಅಂದು ಯಂತ್ರವನ್ನು ಪ್ರವೇಶಿಸಿದವರೆಲ್ಲರ ಮುಂದೆ ಪ್ರಕಟಣೆಗೆ ಬದಲಾಗಿ ಎಲ್ಲರ ಗುಪ್ತಪದಗಳೂ ಅಚ್ಚಾಗತೊಡಗಿದುವು! ಇದರ ಮುಂದಿನ ಪೀಳಿಗೆಯಾದ ಮಲ್ಟಿಕ್ಸ್ ವ್ಯವಸ್ಥೆಯಲ್ಲಿ ಪ್ರತಿಯೊಂದು ಫೈಲಿಗೂ ಒಂದೊಂದು ಅನುಮತಿಪಟ್ಟಿಯನ್ನು ಲಗತ್ತಿಸುವ ಪದ್ಧತಿ ಬಂದಿತು. ಯಾರು ಓದಬಹುದು, ಯಾರು ತಿದ್ದಬಹುದು ಎಂಬುದನ್ನು ಫೈಲಿನ ಸಂಗಡವೇ ಬರೆದಿಡುವುದು ಈ ಪದ್ಧತಿಯ ತಿರುಳು.

ನಮ್ಮ ಮನೆಗಳಿಗೆ ಈ ಪದ್ಧತಿ ತಡವಾಗಿ ಬಂದಿತು. ಡಾಸ್ ಮತ್ತು ವಿಂಡೋಸ್ ೯೫ರ ಕಾಲದಲ್ಲಿ ಯಂತ್ರದ ಮುಂದೆ ಕುಳಿತವನೇ ಅದರ ಅರಸನಾಗಿದ್ದನು. ೧೯೯೩ರಲ್ಲಿ ಹೊರಬಂದ ವಿಂಡೋಸ್ ಎನ್‌ಟಿಯು ಎನ್‌ಟಿಎಫ್‌ಎಸ್ ಎಂಬ ಹೊಸ ಕ್ರಮದಲ್ಲಿ ಡಿಸ್ಕಿನ ಮೇಲೆ ಫೈಲುಗಳನ್ನು ಜೋಡಿಸಿ, ಪ್ರತಿಯೊಂದಕ್ಕೂ ಒಡೆಯನ ಗುರುತನ್ನೂ ಅನುಮತಿಪಟ್ಟಿಯನ್ನೂ ಕೊಟ್ಟಿತು. ಅದೇ ವಂಶದ ವಿಂಡೋಸ್ ಎಕ್ಸ್‌ಪಿ ೨೦೦೧ರಲ್ಲಿ ಬಂದ ಮೇಲೆ ಸಾಮಾನ್ಯರ ಕಂಪ್ಯೂಟರುಗಳಿಗೂ ಇದು ಹಬ್ಬಿತು.

ಈಗ ನನ್ನ ಡಿಸ್ಕಿನ ಒಗಟಿಗೆ ಬರೋಣ. ಅನುಮತಿಪಟ್ಟಿಯಲ್ಲಿ ಇರುವುದು ನಮ್ಮ ಹೆಸರಲ್ಲ, ಒಂದು ಉದ್ದನೆಯ ಗುರುತುಸಂಖ್ಯೆ. ವಿಂಡೋಸನ್ನು ಸ್ಥಾಪಿಸುವಾಗ ಆ ಯಂತ್ರಕ್ಕೆ ೩೨ ಬಿಟ್ಟುಗಳ ಮೂರು ಸಂಖ್ಯೆಗಳು ನಿಗದಿಯಾಗುತ್ತವೆ. ಅಲ್ಲಿ ತೆರೆಯುವ ಪ್ರತಿಯೊಂದು ಖಾತೆಯ ಗುರುತೂ ಈ ಮೂರು ಸಂಖ್ಯೆಗಳ ಮುಂದೆ ಒಂದು ಬಾಲಸಂಖ್ಯೆಯನ್ನು ಸೇರಿಸಿ ಆದದ್ದು. ಪರದೆಯ ಮೇಲೆ ಕಾಣುವ ಹೆಸರು ಕೇವಲ ನಮ್ಮ ಅನುಕೂಲಕ್ಕಾಗಿ ಅಂಟಿಸಿದ ಚೀಟಿ. ಆದುದರಿಂದ ಎರಡು ಯಂತ್ರಗಳಲ್ಲಿ ಒಂದೇ ಹೆಸರು, ಒಂದೇ ಗುಪ್ತಪದ ಇದ್ದರೂ ಆ ಇಬ್ಬರು ಯಂತ್ರದ ದೃಷ್ಟಿಯಲ್ಲಿ ಬೇರೆ ಬೇರೆ ವ್ಯಕ್ತಿಗಳು. ಹಳೆಯ ಫೋಲ್ಡರಿನ ಅನುಮತಿಪಟ್ಟಿಯನ್ನು ಹೊಸ ಯಂತ್ರದಲ್ಲಿ ತೆರೆದು ನೋಡಿದಾಗ ಅಪರಿಚಿತ ಖಾತೆ ಎಂದು ಬರೆದು, ಅದರ ಮುಂದೆ ಅಂಕಿಗಳ ಒಂದು ಸರಮಾಲೆಯಿತ್ತು. ಆ ಅಪರಿಚಿತನು ನಾನೇ!

ಇಷ್ಟೇ ಆಗಿದ್ದರೆ ಮುಂದುವರಿಯುವ ಗುಂಡಿಯಿಂದ ಕೆಲಸ ನಡೆಯಬೇಕಾಗಿತ್ತು. ಏಕೆಂದರೆ ಆಡಳಿತಗಾರರ ಗುಂಪಿಗೆ, ಎಂದರೆ ಅಡ್ಮಿನಿಸ್ಟ್ರೇಟರ್ಸ್ ಎಂಬ ಗುಂಪಿಗೆ, ಜಗತ್ತಿನ ಎಲ್ಲ ವಿಂಡೋಸ್ ಯಂತ್ರಗಳಲ್ಲಿಯೂ ಒಂದೇ ಗುರುತುಸಂಖ್ಯೆ. ಸಾಮಾನ್ಯವಾಗಿ ನಮ್ಮ ಫೋಲ್ಡರುಗಳ ಪಟ್ಟಿಯಲ್ಲಿ ಆ ಗುಂಪೂ ಇರುವುದರಿಂದ, ಹೊಸ ಯಂತ್ರದ ಆಡಳಿತಗಾರನಿಗೆ ಹಳೆಯ ಡಿಸ್ಕಿನ ಬಾಗಿಲು ತೆರೆಯುವುದು. ನನ್ನ ವಿಷಯದಲ್ಲಿ ಹಾಗಾಗಲಿಲ್ಲ. ಪ್ರಶ್ನೆಪತ್ರಿಕೆಗಳನ್ನು ಬೇರೆ ಯಾರೂ ನೋಡಬಾರದೆಂಬ ಅತಿಯಾದ ಎಚ್ಚರದಿಂದ, ಎಷ್ಟೋ ವರ್ಷಗಳ ಹಿಂದೆ ಆ ಗುಂಪನ್ನೂ ಪಟ್ಟಿಯಿಂದ ತೆಗೆದುಹಾಕಿ, ನನ್ನ ಖಾತೆಯೊಂದನ್ನೇ ಉಳಿಸಿದ್ದೆನು. ಬೀಗವನ್ನು ಹಾಕಿದವನೂ ನಾನೇ, ಹೊರಗೆ ನಿಂತವನೂ ನಾನೇ.

ಇದಕ್ಕೆ ಪರಿಹಾರವಿದೆ. ನಮ್ಮ ಹಳ್ಳಿಯ ಜಮೀನಿನ ಪಹಣಿಯನ್ನು ನೆನೆದುಕೊಳ್ಳಿ. ಗದ್ದೆಗೆ ಇಳಿಯುವವರು ಹಲವರಿರಬಹುದು. ಆದರೆ ಯಾರು ಇಳಿಯಬಹುದೆಂಬುದನ್ನು ನಿಶ್ಚಯಿಸುವವನು ಖಾತೆಯಲ್ಲಿ ಹೆಸರಿರುವ ಒಡೆಯನು. ಫೈಲಿನ ಒಡೆಯನೂ ಹಾಗೆಯೇ. ಪಟ್ಟಿಯಲ್ಲಿ ತನ್ನ ಹೆಸರು ಇಲ್ಲದಿದ್ದರೂ ಆ ಪಟ್ಟಿಯನ್ನು ತಿದ್ದುವ ಹಕ್ಕು ಅವನಿಗೆ ಯಾವಾಗಲೂ ಉಂಟು. ಇನ್ನು ಆಡಳಿತಗಾರರಿಗೆ ವಿಂಡೋಸಿನಲ್ಲಿ ಒಂದು ವಿಶೇಷಾಧಿಕಾರವಿದೆ: ಯಾವ ಫೈಲಿನ ಒಡೆತನವನ್ನಾದರೂ ತಮ್ಮ ಹೆಸರಿಗೆ ಮಾಡಿಕೊಳ್ಳಬಹುದು. ಆದುದರಿಂದ ಕೆಲಸವು ಎರಡು ಹೆಜ್ಜೆಗಳಲ್ಲಿ ನಡೆಯತಕ್ಕದ್ದು. ಮೊದಲು ಟೇಕ್‌ಓನ್ ಎಂಬ ಆಜ್ಞೆಯಿಂದ ಒಡೆತನ. ಅನಂತರ ಐಕ್ಯಾಕಲ್ಸ್ ಎಂಬ ಇನ್ನೊಂದು ಆಜ್ಞೆಯಿಂದ ಅನುಮತಿ. ಒಡೆತನ ದೊರೆತ ಮಾತ್ರಕ್ಕೆ ಫೈಲು ತೆರೆಯುವುದಿಲ್ಲ ಎಂಬುದನ್ನು ಮರೆತು ಮೊದಲ ಹೆಜ್ಜೆಯಲ್ಲಿಯೇ ನಿಂತು ಪರದಾಡುವವರು ಬಹಳ.

ಕಪ್ಪು ಕಿಟಕಿಯಲ್ಲಿ ಆಜ್ಞೆಗಳನ್ನು ಬೆರಳಚ್ಚು ಮಾಡುವುದು ಎಲ್ಲರಿಗೂ ಒಗ್ಗುವ ಕೆಲಸವಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಅಂದು ಸಂಜೆ ಮನೆಗೆ ಬಂದಿದ್ದವನು, ನನ್ನ ಪರದಾಟವನ್ನು ನೋಡಿ, “ಸರ್, ಇದನ್ನು ಮೆನುವಿನಲ್ಲಿಯೇ ಸೇರಿಸಿಕೊಂಡುಬಿಡಿ, ಒಂದೇ ಒತ್ತಿಗೆ ಮುಗಿಯುತ್ತದೆ” ಎಂದು ತನ್ನ ಪೆನ್ ಡ್ರೈವಿನಿಂದ ಒಂದು ಚಿಕ್ಕ ಫೈಲನ್ನು ತೆಗೆದು ಎರಡು ಸಲ ಒತ್ತಿದನು. ಅಲ್ಲಿಂದ ಮುಂದೆ ಯಾವ ಫೋಲ್ಡರಿನ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿದರೂ ಮೆನುವಿನಲ್ಲಿ ಒಡೆತನ ಪಡೆಯಿರಿ ಎಂಬರ್ಥದ ಒಂದು ಹೊಸ ಸಾಲು ಕಾಣಿಸಿಕೊಂಡಿತು. ಅದನ್ನು ಒತ್ತಿದ ಕೆಲವೇ ನಿಮಿಷಗಳಲ್ಲಿ ಅಂಕಪಟ್ಟಿಗಳು ತೆರೆದುಕೊಂಡುವು. ಮರುದಿನವೇ ಅಂಕಗಳನ್ನು ಒಪ್ಪಿಸಿದೆನು.

ಈ ಮೆನುವಿನ ಗುಟ್ಟು ಸರಳವಾದುದು. ವಿಂಡೋಸಿನಲ್ಲಿ ರಿಜಿಸ್ಟ್ರಿ ಎಂಬ ಒಂದು ದೊಡ್ಡ ದಾಖಲೆಪುಸ್ತಕವಿದೆ. ಯಾವ ಬಗೆಯ ಫೈಲಿನ ಮೇಲೆ ಬಲಗುಂಡಿ ಒತ್ತಿದರೆ ಯಾವ ಯಾವ ಸಾಲುಗಳನ್ನು ತೋರಿಸಬೇಕು, ಆ ಸಾಲನ್ನು ಆರಿಸಿದರೆ ಯಾವ ಆಜ್ಞೆಯನ್ನು ನಡೆಸಬೇಕು ಎಂಬುದು ಅದರಲ್ಲಿ ಬರೆದಿರುತ್ತದೆ. ನಕ್ಷತ್ರ ಚಿಹ್ನೆಯ ಹೆಸರುಳ್ಳ ವಿಭಾಗದಲ್ಲಿ ಬರೆದದ್ದು ಎಲ್ಲ ಫೈಲುಗಳಿಗೂ, ಡೈರೆಕ್ಟರಿ ಎಂಬ ವಿಭಾಗದಲ್ಲಿ ಬರೆದದ್ದು ಫೋಲ್ಡರುಗಳಿಗೂ ಅನ್ವಯಿಸುವುದು. ಆಜ್ಞೆಯ ನಡುವೆ ಶೇಕಡಾ ಚಿಹ್ನೆಯನ್ನೂ ಒಂದು ಎಂಬ ಅಂಕಿಯನ್ನೂ ಬರೆದಿದ್ದರೆ, ಆ ಸ್ಥಳದಲ್ಲಿ ನಾವು ಆರಿಸಿದ ಫೈಲಿನ ವಿಳಾಸವು ತಾನಾಗಿಯೇ ಬಂದು ಕೂರುತ್ತದೆ. ರನ್‌ಆ್ಯಸ್ ಎಂಬ ಹೆಸರಿನಿಂದ ಸಾಲನ್ನು ದಾಖಲಿಸಿದರೆ ಅದು ಆಡಳಿತಗಾರನ ಪೂರ್ಣಾಧಿಕಾರದಿಂದ ನಡೆಯುತ್ತದೆ. ವಿಂಡೋಸ್ ವಿಸ್ತಾದಿಂದ ಈಚೆಗೆ, ಆಡಳಿತಗಾರನೂ ನಿತ್ಯದ ಕೆಲಸಗಳಲ್ಲಿ ಸಾಮಾನ್ಯನ ಅಧಿಕಾರದಿಂದಲೇ ನಡೆಯುವಂತೆ ಮಾಡಿರುವುದರಿಂದ ಇದು ಅವಶ್ಯಕ. ವಿಂಡೋಸ್ ೧೧ರಲ್ಲಿ ಈ ಬಗೆಯ ಸಾಲುಗಳು ಮೊದಲ ಮೆನುವಿನಲ್ಲಿ ಕಾಣುವುದಿಲ್ಲ. ಹೆಚ್ಚಿನ ಆಯ್ಕೆಗಳನ್ನು ತೋರಿಸುವ ಸಾಲನ್ನು ಒತ್ತಿದ ಮೇಲೆ ಕಾಣುತ್ತವೆ.

ಇಂಗ್ಲಿಷ್ ಯಂತ್ರಕ್ಕಾಗಿ ಬರೆದ ಈ ಸಾಲು ಜರ್ಮನ್ ಭಾಷೆಯ ವಿಂಡೋಸಿನಲ್ಲಿ ಸೋಲುತ್ತದೆ ಎಂಬುದೊಂದು ತಮಾಷೆಯ ಸಂಗತಿ. ಅಲ್ಲಿ ಗುಂಪಿನ ಹೆಸರು ಬೇರೆ. ಹೌದು ಎಂಬುದಕ್ಕೆ ಒತ್ತಬೇಕಾದ ಅಕ್ಷರವೂ ವೈ ಅಲ್ಲ, ಜೆ. ಗುಂಪಿನ ಹೆಸರಿಗೆ ಬದಲಾಗಿ ಅದರ ಗುರುತುಸಂಖ್ಯೆಯನ್ನೇ ಬರೆದರೆ ಒಂದು ತೊಡಕು ತಪ್ಪುವುದು. ಯಂತ್ರಕ್ಕೆ ಹೆಸರಿಗಿಂತ ಸಂಖ್ಯೆಯೇ ನಿಜ ಎಂದು ಮೇಲೆ ಹೇಳಿದೆನಷ್ಟೆ. ಆದರೆ ಹೌದು ಎಂಬ ಆ ಅಕ್ಷರವು ಆಜ್ಞೆಯಲ್ಲಿ ಏಕಿದೆಯೆಂದು ನಾನು ಆಗ ಕೇಳಿಕೊಳ್ಳಲಿಲ್ಲ. ನನ್ನ ಭಾನುವಾರವು ಹಾಳಾದದ್ದು ಆ ಒಂದು ಅಕ್ಷರದಿಂದ.

ಹೊಸ ಯಂತ್ರದ ಡಿಸ್ಕು ಚಿಕ್ಕದು. ಬೇಗನೆ ತುಂಬುತ್ತ ಬಂದಿತು. ಯಾವುದು ಇಷ್ಟು ಜಾಗವನ್ನು ನುಂಗಿದೆಯೆಂದು ಹುಡುಕುತ್ತಿದ್ದಾಗ ಪ್ರೋಗ್ರಾಂ ಫೈಲ್ಸಿನೊಳಗೆ ಅಡಗಿದ್ದ ವಿಂಡೋಸ್‌ಆ್ಯಪ್ಸ್ ಎಂಬ ಫೋಲ್ಡರು ತನ್ನ ಒಳಗನ್ನು ತೋರಿಸಲು ನಿರಾಕರಿಸಿತು. ಕೈಯಲ್ಲಿ ಮಂತ್ರದಂಡವಿರುವಾಗ ಯೋಚಿಸುವುದೇಕೆ? ಬಲಗುಂಡಿಯನ್ನು ಒತ್ತಿ ಒಡೆತನವನ್ನು ಪಡೆದೆನು. ಕಪ್ಪು ಕಿಟಕಿಯಲ್ಲಿ ಸಾವಿರಾರು ಸಾಲುಗಳು ಓಡಿದುವು. ಫೋಲ್ಡರೇನೋ ತೆರೆಯಿತು. ಆದರೆ ಅಂದಿನಿಂದ ಕ್ಯಾಲ್ಕುಲೇಟರನ್ನು ಕರೆದರೆ ಅದು ಒಮ್ಮೆ ಮಿನುಗಿ ಮರೆಯಾಗುತ್ತಿತ್ತು. ಚಿತ್ರಗಳನ್ನು ತೋರಿಸುವ ಪ್ರೋಗ್ರಾಂ ಏಳಲೇ ಇಲ್ಲ.

ಆದದ್ದು ಇಷ್ಟು. ಆ ಫೋಲ್ಡರಿನ ಪಟ್ಟಿಯನ್ನು ನೋಡುವ ಅನುಮತಿಯು ಆಡಳಿತಗಾರರಿಗೂ ಇರಲಿಲ್ಲ. ವಿಸ್ತಾದ ಕಾಲದಿಂದ ವಿಂಡೋಸಿನ ಮೂಲ ಭಾಗಗಳ ಒಡೆತನವನ್ನು ಟ್ರಸ್ಟೆಡ್‌ಇನ್‌ಸ್ಟಾಲರ್ ಎಂಬ, ಮನುಷ್ಯನಲ್ಲದ ಒಂದು ಖಾತೆಗೆ ವಹಿಸಲಾಗಿದೆ; ಮನೆಯ ಯಜಮಾನನು ಕೂಡ ಅಡಿಪಾಯವನ್ನು ಅಗೆಯದಿರಲಿ ಎಂಬುದು ಉದ್ದೇಶ. ಇಂತಹ ಫೋಲ್ಡರು ಎದುರಾದಾಗ ಟೇಕ್‌ಓನ್ ಆಜ್ಞೆಯು ಸುಮ್ಮನೆ ಮುಂದುವರಿಯುವುದಿಲ್ಲ. ಇಲ್ಲಿರುವ ಅನುಮತಿಪಟ್ಟಿಯನ್ನು ಅಳಿಸಿ ನಿಮಗೆ ಪೂರ್ಣಾಧಿಕಾರ ಕೊಡುವ ಹೊಸ ಪಟ್ಟಿಯನ್ನು ಬರೆಯಲೆ ಎಂದು ಪ್ರಶ್ನಿಸುತ್ತದೆ. ಆ ವೈ ಅಕ್ಷರವು ಈ ಪ್ರಶ್ನೆಗೆ ಮುಂಚಿತವಾಗಿಯೇ ಬರೆದಿಟ್ಟ ಉತ್ತರ. ನನ್ನನ್ನು ಕೇಳಬೇಕಾಗಿದ್ದ ಪ್ರಶ್ನೆಗೆ ಮೆನುವು ನನ್ನ ಪರವಾಗಿ ಆಗಲಿ ಎಂದಿತು. ಹಳೆಯ ಪಟ್ಟಿಯಲ್ಲಿದ್ದ ಸೂಕ್ಷ್ಮವಾದ ಏರ್ಪಾಡು ಅಳಿಸಿಹೋಯಿತು. ಅದನ್ನು ನಂಬಿದ್ದ ಪ್ರೋಗ್ರಾಂಗಳು ಕಾಲು ಮುರಿದುಕೊಂಡುವು. ನನ್ನ ಫೈಲುಗಳನ್ನು ಉಳಿಸಿಕೊಂಡು ವಿಂಡೋಸನ್ನು ಮತ್ತೆ ಸ್ಥಾಪಿಸದೆ ಗತ್ಯಂತರವಿರಲಿಲ್ಲ.

ಜೆರೋಮ್ ಸಾಲ್ಟ್ಜರ್ ಮತ್ತು ಮೈಕೇಲ್ ಶ್ರೋಡರ್ ಎಂಬ ವಿಜ್ಞಾನಿಗಳು ೧೯೭೫ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಲ್ಲಿ ಕಂಪ್ಯೂಟರಿನ ರಕ್ಷಣೆಯ ತತ್ತ್ವಗಳನ್ನು ವಿವರಿಸಿದ್ದಾರೆ. ಯಾವ ಕೆಲಸಕ್ಕೆ ಎಷ್ಟು ಅಧಿಕಾರ ಬೇಕೋ ಅಷ್ಟನ್ನೇ ಕೊಡಬೇಕೆಂಬುದು ಅವುಗಳಲ್ಲಿ ಒಂದು. ಇದನ್ನು ಎಲ್ಲರೂ ಹೇಳುತ್ತಾರೆ. ಆದರೆ ರಕ್ಷಣೆಯ ಕ್ರಮವು ಬಳಸುವವನ ಮನಸ್ಸಿಗೆ ಒಗ್ಗುವಷ್ಟು ಸುಲಭವಾಗಿರಬೇಕೆಂಬ ಇನ್ನೊಂದು ತತ್ತ್ವವೂ ಅಲ್ಲಿಯೇ ಇದೆ. ಇದನ್ನು ನೆನೆಯುವವರು ಕಡಮೆ. ಏಳು ಕಿಟಕಿಗಳನ್ನು ತೆರೆದು ಮಾಡಬೇಕಾದ ಕೆಲಸವನ್ನು ಜನರು ಒಂದೇ ಒತ್ತಿಗೆ ಇಳಿಸಿಕೊಳ್ಳುವುದರಲ್ಲಿ ಆಶ್ಚರ್ಯವೇನಿದೆ? ಮೆನುವಿನ ಅಡ್ಡದಾರಿಯನ್ನು ನಾನು ದೂಷಿಸಲಾರೆ.

ಇಲ್ಲಿ ಇನ್ನೊಂದು ಮಾತನ್ನು ಹೇಳಬೇಕು. ಅನುಮತಿಪಟ್ಟಿಯು ಕಾವಲುಗಾರನೇ ಹೊರತು ಗುಪ್ತಲಿಪಿಯಲ್ಲ. ಪಟ್ಟಿಯನ್ನು ಓದಿ ನಮ್ಮನ್ನು ತಡೆಯುವುದು ವಿಂಡೋಸು. ಆ ಪಟ್ಟಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಡಿಸ್ಕನ್ನು ಲಿನಕ್ಸಿಗೆ ಜೋಡಿಸಿದರೆ ನನ್ನ ಪ್ರಶ್ನೆಪತ್ರಿಕೆಗಳೆಲ್ಲ ತೆರೆದ ಪುಸ್ತಕದಂತೆ ಕಾಣುತ್ತಿದ್ದುವು. ಎಂಟು ವರ್ಷ ನಾನು ಭದ್ರವೆಂದು ನಂಬಿದ್ದ ಬೀಗವು ಕಳ್ಳನನ್ನು ತಡೆಯಲಾರದೆ ನನ್ನನ್ನು ಮಾತ್ರ ತಡೆಯಿತು! ನಿಜವಾದ ಗುಟ್ಟು ಬೇಕಾದವರು ಬಿಟ್‌ಲಾಕರಿನಂತಹ ಗುಪ್ತಲಿಪಿಯ ಸಾಧನವನ್ನು ಬಳಸಬೇಕು. ಅಲ್ಲಿ ಒಡೆತನದ ಮೆನುವಿನ ಆಟ ನಡೆಯದು, ಕೀಲಿಯೇ ಬೇಕು.

ಇನ್ನೊಂದು ಬಗೆಯ ತಡೆಯುಂಟು. ಅದನ್ನು ಬಹುಮಂದಿ ಅನುಮತಿಯ ತೊಂದರೆಯೆಂದೇ ಭ್ರಮಿಸುತ್ತಾರೆ. ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ಫೈಲನ್ನು ತೆರೆಯಹೋದಾಗ, ಇದನ್ನು ತಯಾರಿಸಿದವರು ಯಾರೆಂದು ತಿಳಿದಿಲ್ಲ, ನಡೆಸಬೇಕೆ ಎಂದು ಯಂತ್ರವು ಕೇಳುತ್ತದೆ. ಅನುಮತಿಪಟ್ಟಿಯು ನೀನು ಯಾರು ಎಂದು ಕೇಳಿದರೆ, ಈ ಎಚ್ಚರಿಕೆಯು ಈ ಫೈಲು ಎಲ್ಲಿಂದ ಬಂದಿತು ಎಂದು ಕೇಳುತ್ತದೆ. ಆದುದರಿಂದ ಒಡೆತನವನ್ನು ಎಷ್ಟು ಸಲ ಪಡೆದರೂ ಈ ಎಚ್ಚರಿಕೆ ಹೋಗುವುದಿಲ್ಲ.

ಇದರ ಹಿಂದೆ ಕಹಿಯಾದ ಅನುಭವವಿದೆ. ೨೦೦೦ದ ಮೇ ತಿಂಗಳಿನಲ್ಲಿ ಪ್ರೇಮಪತ್ರದ ಹೆಸರಿನಲ್ಲಿ ಈಮೇಲ್ ಮೂಲಕ ಒಂದು ಫೈಲು ಜಗತ್ತಿನಾದ್ಯಂತ ಹಬ್ಬಿತು. ಅದರ ಹೆಸರಿನ ಕೊನೆಯಲ್ಲಿದ್ದ ನಿಜವಾದ ಬಾಲವನ್ನು ವಿಂಡೋಸು ಮರೆಮಾಡುತ್ತಿದ್ದುದರಿಂದ, ನೋಡಿದವರಿಗೆ ಅದು ಬರಿಯ ಬರಹದಂತೆ ಕಂಡಿತು. ನಿಜವಾಗಿ ಅದು ಪ್ರೋಗ್ರಾಂ. ತೆರೆದವರ ಚಿತ್ರಗಳನ್ನು ಹಾಳುಮಾಡಿ, ಅವರ ವಿಳಾಸಪುಸ್ತಕದಲ್ಲಿದ್ದವರಿಗೆಲ್ಲ ತನ್ನ ನಕಲನ್ನು ಕಳುಹಿಸಿ, ಲಕ್ಷಾಂತರ ಯಂತ್ರಗಳನ್ನು ಅದು ಹೊಕ್ಕಿತು. ೨೦೦೪ರ ಆಗಸ್ಟಿನಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ಎರಡನೆಯ ಸರ್ವಿಸ್ ಪ್ಯಾಕು ಹೊರಗಿನಿಂದ ಬಂದ ಫೈಲುಗಳಿಗೆ ಮುದ್ರೆಯನ್ನು ಒತ್ತುವ ಕ್ರಮವನ್ನು ತಂದಿತು.

ಈ ಮುದ್ರೆಯಿರುವ ಸ್ಥಳವು ಕುತೂಹಲಕರವಾದುದು. ಎನ್‌ಟಿಎಫ್‌ಎಸ್ ಕ್ರಮದಲ್ಲಿ ಒಂದು ಫೈಲಿನ ಬೆನ್ನಿಗೆ ಇನ್ನೊಂದು ಚಿಕ್ಕ ಬರಹವನ್ನು ಕಣ್ಣಿಗೆ ಕಾಣದಂತೆ ಅಂಟಿಸಬಹುದು. ಇಂಟರ್‌ನೆಟ್ಟಿನಿಂದ ಬಂದ ಫೈಲಿಗೆ ಜೋನ್ ಐಡೆಂಟಿಫೈಯರ್ ಎಂಬ ಇಂತಹ ಬಾಲವಿದ್ದು, ಅದರಲ್ಲಿ ೩ ಎಂಬ ಅಂಕಿ ಬರೆದಿರುತ್ತದೆ. ಸೊನ್ನೆ ಎಂದರೆ ನಮ್ಮದೇ ಯಂತ್ರ, ೧ ಎಂದರೆ ಸಂಸ್ಥೆಯ ಒಳಗಿನ ಜಾಲ, ೨ ನಂಬಿಕೆಯ ತಾಣ, ೩ ಇಂಟರ್‌ನೆಟ್ಟು, ೪ ನಿರ್ಬಂಧಿತ ತಾಣ. ಅಂಚೆಯ ಲಕೋಟೆಯ ಮೇಲಿನ ಊರಿನ ಮುದ್ರೆಯಂತೆ ಇದು. ಒಳಗಿನ ಕಾಗದದ ಒಂದಕ್ಷರವೂ ಇದರಿಂದ ಬದಲಾಗುವುದಿಲ್ಲ. ವಾಚಕರು ತಾವೇ ಪರೀಕ್ಷಿಸಿ ನೋಡಬಹುದು. ಇಳಿಸಿಕೊಂಡ ಫೈಲನ್ನು ಫ್ಯಾಟ್ ೩೨ ಕ್ರಮದ ಪೆನ್ ಡ್ರೈವಿಗೆ ನಕಲು ಮಾಡಿ, ಅಲ್ಲಿಂದ ಮರಳಿ ತನ್ನಿ. ಆ ಕ್ರಮದಲ್ಲಿ ಇಂತಹ ಬಾಲಕ್ಕೆ ಸ್ಥಳವೇ ಇಲ್ಲವಾದುದರಿಂದ ಮುದ್ರೆಯು ದಾರಿಯಲ್ಲಿ ಉದುರಿಹೋಗಿರುತ್ತದೆ. ನನ್ನ ವಿದ್ಯಾರ್ಥಿಯ ಪೆನ್ ಡ್ರೈವಿನಿಂದ ಬಂದ ಮೆನುವಿನ ಫೈಲು ಎಲ್ಲಿಂದ ಹೊರಟಿತೆಂಬುದು ಯಂತ್ರಕ್ಕೆ ತಿಳಿಯದೆ ಹೋದದ್ದು ಹೀಗೆಯೇ.

ಮುದ್ರೆಯನ್ನು ಅಳಿಸುವ ನೇರವಾದ ದಾರಿಯೆಂದರೆ, ಫೈಲಿನ ಮೇಲೆ ಬಲಗುಂಡಿಯನ್ನೊತ್ತಿ, ಗುಣಲಕ್ಷಣಗಳ ಕಿಟಕಿಯಲ್ಲಿ ಅನ್‌ಬ್ಲಾಕ್ ಎಂಬ ಚೌಕಕ್ಕೆ ಗುರುತು ಹಾಕುವುದು. ಜಿಪ್ ಫೈಲಾದರೆ ಬಿಚ್ಚುವ ಮೊದಲೇ ಹೀಗೆ ಮಾಡಬೇಕು. ವಿಂಡೋಸೇ ಬಿಚ್ಚಿದಾಗ ಮುದ್ರೆಯು ಒಳಗಿನ ಪ್ರತಿಯೊಂದು ಫೈಲಿಗೂ ಹರಡುತ್ತದೆ. ಸಿಎಚ್‌ಎಂ ಬಗೆಯ ಸಹಾಯಪುಸ್ತಕವು ಅಧ್ಯಾಯಗಳ ಹೆಸರನ್ನು ತೋರಿಸಿಯೂ ಪುಟಗಳನ್ನು ಬರಿದಾಗಿ ಬಿಟ್ಟರೆ ಈ ಮುದ್ರೆಯೇ ಕಾರಣವಾಗಿರುವುದುಂಟು. ನೂರಾರು ಫೈಲುಗಳಿರುವ ಫೋಲ್ಡರಿಗಾದರೆ ಪವರ್‌ಶೆಲ್ಲಿನ ಅನ್‌ಬ್ಲಾಕ್-ಫೈಲ್ ಎಂಬ ಆಜ್ಞೆಯನ್ನು ಮೇಲೆ ಹೇಳಿದಂತೆಯೇ ಮೆನುವಿಗೆ ಸೇರಿಸಿಕೊಳ್ಳಬಹುದು. ಎಲ್ಲಿಂದ ತಂದೆನೆಂಬುದು ನಿಶ್ಚಯವಾಗಿ ಗೊತ್ತಿರುವ ಫೈಲುಗಳಿಗೆ ಇದರಿಂದ ಬಾಧಕವಿಲ್ಲ. ಆದರೆ ಮುಂದೆ ಬರುವ ಯಾವ ಫೈಲಿಗೂ ಮುದ್ರೆಯನ್ನೇ ಒತ್ತದಂತೆ ರಿಜಿಸ್ಟ್ರಿಯಲ್ಲಿ ಕಟ್ಟುಮಾಡುವ ಇನ್ನೊಂದು ಅಡ್ಡದಾರಿಯೂ ಪ್ರಚಾರದಲ್ಲಿದೆ. ಅದು ನನಗೆ ಒಪ್ಪಿಗೆಯಿಲ್ಲ. ಇನ್ನೂ ಹುಟ್ಟದ ಪ್ರಶ್ನೆಗಳಿಗೆಲ್ಲ ಇಂದೇ ಆಗಲಿ ಎಂದು ಸಹಿ ಹಾಕಿದಂತೆ ಅದು.

ಮುದ್ರೆಯ ಬೆಲೆಯನ್ನು ಕೇಡಿಗರು ಚೆನ್ನಾಗಿ ಬಲ್ಲರು. ಇಂಟರ್‌ನೆಟ್ಟಿನಿಂದ ಬಂದ ಆಫೀಸ್ ಫೈಲುಗಳೊಳಗಿನ ಮ್ಯಾಕ್ರೋಗಳನ್ನು ಮೈಕ್ರೋಸಾಫ್ಟು ೨೦೨೨ರಲ್ಲಿ ಈ ಮುದ್ರೆಯನ್ನು ಆಧರಿಸಿ ತಡೆಯತೊಡಗಿದಾಗ, ಅವರು ತಮ್ಮ ಸರಕನ್ನು ಐಎಸ್‌ಒ ಎಂಬ ಡಿಸ್ಕಿನ ಪಡಿಯಚ್ಚಿನೊಳಗೆ ತುಂಬಿ ಕಳುಹಿಸಹತ್ತಿದರು. ಮುದ್ರೆಯು ಹೊರಗಿನ ಪೆಟ್ಟಿಗೆಯ ಮೇಲೆ ಬೀಳುತ್ತಿತ್ತು. ಒಳಗಿನ ಫೈಲುಗಳಿಗೆ ತಗಲುತ್ತಿರಲಿಲ್ಲ. ಆ ಬಿರುಕನ್ನು ಅದೇ ವರ್ಷದ ನವೆಂಬರಿನಲ್ಲಿ ಮುಚ್ಚಲಾಯಿತು.

ಲಿನಕ್ಸನ್ನು ಬಳಸುವ ವಿದ್ಯಾರ್ಥಿಗಳು ನಗಬೇಕಾಗಿಲ್ಲ. ಅಲ್ಲಿ ಒಡೆಯ, ಗುಂಪು, ಉಳಿದವರು ಎಂಬ ಮೂವರಿಗೆ ಓದುವುದು, ಬರೆಯುವುದು, ನಡೆಸುವುದು ಎಂಬ ಮೂರು ಹಕ್ಕುಗಳು, ಒಟ್ಟು ಒಂಬತ್ತು. ಏನಾದರೂ ತೆರೆಯದಿದ್ದರೆ ೭೭೭ ಎಂದು ಬರೆದು ಒಂಬತ್ತನ್ನೂ ಎಲ್ಲರಿಗೆ ಹಂಚಿಬಿಡುವ ಚಾಳಿ ಅಲ್ಲಿಯೂ ಉಂಟು. ದೂರದ ಯಂತ್ರವನ್ನು ಪ್ರವೇಶಿಸಲು ಬಳಸುವ ಎಸ್‌ಎಸ್‌ಎಚ್ ಮಾತ್ರ ಇದಕ್ಕೆ ಸೊಪ್ಪುಹಾಕುವುದಿಲ್ಲ. ರಹಸ್ಯ ಕೀಲಿಯ ಫೈಲನ್ನು ಉಳಿದವರೂ ಓದಬಹುದಾಗಿದ್ದರೆ ಆ ಕೀಲಿಯನ್ನು ಮುಟ್ಟಲೊಲ್ಲೆನೆನ್ನುತ್ತದೆ. ಅನುಮತಿ ಹೆಚ್ಚಾದುದಕ್ಕಾಗಿ ಬರುವ ನಿರಾಕರಣೆ ಇದು.

ಒಡೆತನದ ಸಾಲನ್ನು ನಾನು ಮೆನುವಿನಿಂದ ತೆಗೆದುಹಾಕಿಲ್ಲ. ಎಕ್ಸ್‌ಟೆಂಡೆಡ್ ಎಂಬ ಒಂದು ಪದವನ್ನು ರಿಜಿಸ್ಟ್ರಿಯಲ್ಲಿ ಅದರ ಜೊತೆಗೆ ಸೇರಿಸಿದ್ದೇನೆ. ಆದುದರಿಂದ ಶಿಫ್ಟ್ ಗುಂಡಿಯನ್ನು ಹಿಡಿದು ಬಲಗುಂಡಿಯನ್ನು ಒತ್ತಿದಾಗ ಮಾತ್ರ ಅದು ಕಾಣುತ್ತದೆ. ಮುಂಚಿತವಾಗಿ ಬರೆದಿದ್ದ ಆ ವೈ ಅಕ್ಷರವನ್ನು ಅಳಿಸಿದ್ದೇನೆ. ಪ್ರಶ್ನೆ ಬಂದರೆ ಈಗ ಅದು ನನ್ನನ್ನೇ ಕೇಳುತ್ತದೆ. ದೊಡ್ಡ ಫೋಲ್ಡರನ್ನು ಮುಟ್ಟುವ ಮೊದಲು ಐಕ್ಯಾಕಲ್ಸಿನ ಸೇವ್ ಎಂಬ ಸೌಕರ್ಯದಿಂದ ಹಳೆಯ ಅನುಮತಿಪಟ್ಟಿಯನ್ನು ಬರೆದಿಟ್ಟುಕೊಳ್ಳುತ್ತೇನೆ. ಕೆಟ್ಟರೆ ರಿಸ್ಟೋರ್ ಎಂಬುದರಿಂದ ಅದನ್ನು ಮರಳಿ ತರಬಹುದು. ಆದರೆ ಒಡೆಯನ ಹೆಸರು ಅದರಲ್ಲಿ ಉಳಿಯುವುದಿಲ್ಲವಾದುದರಿಂದ ಅದನ್ನು ಬೇರೆಯಾಗಿ ಗುರುತುಮಾಡಿಕೊಳ್ಳಬೇಕು. ಬೇರೆಯವರು ಕೊಟ್ಟ ಮೆನುವಿನ ಫೈಲನ್ನು ಎರಡು ಸಲ ಒತ್ತುವುದಕ್ಕೆ ಬದಲಾಗಿ ಮೊದಲು ನೋಟ್‌ಪ್ಯಾಡಿನಲ್ಲಿ ತೆರೆದು ಓದುವುದು ಸಾಧ್ಯ. ಅದು ಬರಿಯ ಬರಹ, ಹತ್ತಿಪ್ಪತ್ತು ಸಾಲುಗಳು ಮಾತ್ರ. ಕಮಾಂಡ್ ಎಂಬ ಪದದ ಕೆಳಗಿರುವ ಸಾಲಿನಲ್ಲಿ ಯಾವ ಪ್ರೋಗ್ರಾಂ ನಡೆಯುವುದೆಂಬುದು ಇರುತ್ತದೆ.

ಮೊನ್ನೆ ಅದೇ ವಿದ್ಯಾರ್ಥಿಯು ಮತ್ತೆ ಬಂದಿದ್ದಾಗ ಈ ಫೈಲನ್ನು ಎಂದಾದರೂ ತೆರೆದು ಓದಿದ್ದೀಯಾ ಎಂದು ಕೇಳಿದೆನು. “ಇಲ್ಲ ಸರ್, ನನಗೂ ಸ್ನೇಹಿತನೊಬ್ಬ ಕೊಟ್ಟದ್ದು” ಎಂದನು. ಇಬ್ಬರೂ ಕುಳಿತು ಓದಿದೆವು.